‘ಕ್ರೈಸ್ತ’ ಅನ್ನುವ ಹೆಸರು: ಇಟ್ಟವರು ಯಾರು, ಹೊತ್ತವರು ಯಾರು?

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಒಟ್ಟು 27 ಪುಸ್ತಕಗಳಿವೆ. ಅವುಗಳ ಮೂಲ ಗ್ರೀಕ್ ಪಠ್ಯದಲ್ಲಿ ‘ಕ್ರೈಸ್ತ’ ಅನ್ನುವ ಪದ ಎಷ್ಟು ಸಲ ಬಂದಿದೆ, ಹೇಳಿ ನೋಡೋಣ. ನೂರು? ಇನ್ನೂರು? ಮೂರೇ ಮೂರು ಸಲ. ಆ ನಂಬಿಕೆಯನ್ನು ಊರೂರಿಗೆ ಹೊತ್ತೊಯ್ದ ಪೌಲ ತನ್ನ ಪತ್ರಗಳಲ್ಲಿ ಒಮ್ಮೆಯೂ ಈ ಪದ ಬಳಸಿಲ್ಲ. ಯೇಸುವಿನ ಬಾಯಲ್ಲಂತೂ ಬಂದೇ ಇಲ್ಲ.

ವಿಚಿತ್ರ ಅಲ್ವಾ? ಇವತ್ತು ಇನ್ನೂರು ಕೋಟಿಗೂ ಹೆಚ್ಚು ಜನ ತಮ್ಮದೆಂದು ಹೇಳಿಕೊಳ್ಳುವ ಹೆಸರು ಅವರದೇ ಗ್ರಂಥದಲ್ಲಿ ಇಷ್ಟು ಅಪರೂಪ. ಆ ಮೂರು ಜಾಗಗಳನ್ನು ತೆರೆದು ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ಮೊದಲನೆಯದು ಅಪೊಸ್ತಲರ ಕೃತ್ಯಗಳ 11ನೇ ಅಧ್ಯಾಯ. ಅಂತಿಯೋಕ್ಯ ಎಂಬ ಪಟ್ಟಣದಲ್ಲಿ ಶಿಷ್ಯರಿಗೆ ಮೊದಲ ಸಲ ಈ ಹೆಸರು ಬಂತು ಅನ್ನುವ ಒಂದು ಸಾಲು ಅಲ್ಲಿದೆ. ಎರಡನೆಯದು ಅದೇ ಪುಸ್ತಕದ 26ನೇ ಅಧ್ಯಾಯ. ಬೇಡಿ ತೊಟ್ಟು ನಿಂತ ಪೌಲನ ಮಾತು ಕೇಳಿ ರಾಜ ಅಗ್ರಿಪ್ಪ, ಇಷ್ಟರಲ್ಲೇ ನನ್ನನ್ನೂ ಕ್ರೈಸ್ತನನ್ನಾಗಿ ಮಾಡಿಬಿಡುತ್ತೀಯೇನು ಅಂತ ಅರ್ಧ ತಮಾಷೆಯಾಗಿ ಕೇಳುತ್ತಾನೆ. ಮೂರನೆಯದು ಪೇತ್ರನ ಮೊದಲ ಪತ್ರ. ಕೊಲೆಗಾರ, ಕಳ್ಳ ಅನ್ನಿಸಿಕೊಂಡು ಯಾರೂ ಶಿಕ್ಷೆಗೆ ಸಿಗಬೇಡಿ. ಆದರೆ ಕ್ರೈಸ್ತ ಅಂತ ಶಿಕ್ಷೆಯಾದರೆ ನಾಚಿಕೆ ಪಡಬೇಡಿ ಅನ್ನುತ್ತದೆ ಅದು. ಒಂದು ಕಡೆ ಊರಿನ ಮಾತು, ಒಂದು ಕಡೆ ರಾಜನ ಕೊಂಕು, ಒಂದು ಕಡೆ ಆರೋಪ. ಮೂರೂ ಕಡೆ ಪದ ಹೊರಗಿನಿಂದ ಬಂದು ಬೀಳುತ್ತಿದೆ.

ಹಾಗಾದರೆ ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರು? ಶಿಷ್ಯರು, ಸಹೋದರರು, ನಂಬಿದವರು, ದೇವಜನರು. ಪೌಲನ ಪತ್ರಗಳ ತುಂಬ ಇಂಥವೇ. ಇವೆಲ್ಲಕ್ಕಿಂತ ನನಗೆ ಇಷ್ಟವಾಗುವುದು ‘ಮಾರ್ಗ’ ಅನ್ನುವ ಹೆಸರು. ಆಗಿನ್ನೂ ಸೌಲ ಅನ್ನಿಸಿಕೊಂಡಿದ್ದ ಪೌಲ ದಮಸ್ಕಕ್ಕೆ ಹೊರಟಿದ್ದೇ ‘ಈ ಮಾರ್ಗದವರು’ ಯಾರಾದರೂ ಸಿಕ್ಕರೆ ಕಟ್ಟಿ ತರಲಿಕ್ಕೆ. ಗ್ರೀಕ್‌ನಲ್ಲಿ ಆ ಪದ ಹೊದೋಸ್, ಅಂದರೆ ನಡೆಯುವ ದಾರಿ. ನಮಗೆ ಇದು ಹೊಸದೇನಲ್ಲ. ನಾವು ‘ಪಂಥ’ ಅನ್ನುವ ಪದಕ್ಕೂ ಮೂಲದಲ್ಲಿ ದಾರಿ ಅಂತಲೇ ಅರ್ಥ.

ಆದರೆ ಇವೆಲ್ಲ ಮನೆಯೊಳಗಿನ ಹೆಸರುಗಳು, ಬೀದಿಯಲ್ಲಿ ನಡೆಯುವಂಥವಲ್ಲ. ಪಕ್ಕದ ಬೀದಿಯ ಅಂಗಡಿಯವನು ಇವರನ್ನು ‘ಸಹೋದರರು’ ಅಂತ ಕರೆಯಲಾರ, ಅವನಿಗೇನು ಇವರು ಅಣ್ಣತಮ್ಮಂದಿರೇ? ‘ಶಿಷ್ಯರು’ ಅಂದರೆ ಯಾರ ಶಿಷ್ಯರು ಅಂತ ಕೇಳಬೇಕಾಗುತ್ತದೆ. ‘ದೇವಜನರು’ ಅಂದರೆ ಇವರ ಹಿರಿಮೆಯನ್ನು ಒಪ್ಪಿದ ಹಾಗಾಯಿತು. ಬೇರೆಯವರು ಬಳಸಲಿಕ್ಕೆ ಬೇರೆಯದೇ ಹೆಸರು ಬೇಕಿತ್ತು.

ಯೆಹೂದ್ಯರ ನಡುವೆ ಅಂಥ ಒಂದು ಹೆಸರು ಆಗಲೇ ಇತ್ತು. ಪೌಲನ ಮೇಲೆ ದೂರು ಹೇಳಲು ಬಂದ ತೆರ್ತುಲ್ಲ ಎಂಬ ವಕೀಲ, ಇವನು ‘ನಜರೇತಿನವರ ಪಂಗಡದ’ ಮುಂದಾಳು ಅಂತ ರೋಮನ್ ಅಧಿಕಾರಿಯ ಮುಂದೆ ವಾದಿಸುತ್ತಾನೆ. ಯೇಸುವಿನ ಊರು ನಜರೇತ. ಅಲ್ಲಿಂದ ಬಂದವನ ಹಿಂದೆ ಹೋದವರು ನಜರೇತಿನವರು. ಯೆಹೂದ್ಯರ ಕಣ್ಣಿಗೆ ಇವರು ತಮ್ಮವರೇ, ಸ್ವಲ್ಪ ದಾರಿ ತಪ್ಪಿದ ಒಂದು ಗುಂಪು ಅಷ್ಟೆ. ಇದು ಜೆರುಸಲೇಮಿನ ಸುತ್ತಮುತ್ತ ಸಾಕಾಗುತ್ತಿತ್ತು. ಅಂತಿಯೋಕ್ಯಕ್ಕೆ ಸಾಕಾಗಲಿಲ್ಲ.

ಆನೆಗಳ ಬಲದ ಪಟ್ಟಣ

ಅಂತಿಯೋಕ್ಯ ಈಗ ಟರ್ಕಿಯ ದಕ್ಷಿಣ ತುದಿಯಲ್ಲಿರುವ ಅಂತಾಕ್ಯ. 2023ರ ಫೆಬ್ರವರಿ 6ರ ಭೂಕಂಪದಲ್ಲಿ ನೆಲಕಚ್ಚಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಓರಾಂಟಿಸ್ ನದಿಯ ದಂಡೆಯ ಈ ಪಟ್ಟಣವನ್ನು ಕ್ರಿ.ಪೂ. 300ರಲ್ಲಿ ಕಟ್ಟಿಸಿದವನು ಸೆಲ್ಯುಕಸ್ ನಿಕೇಟರ್. ಹೌದು, ಶಾಲೆಯ ಇತಿಹಾಸ ಪುಸ್ತಕದಲ್ಲಿ ಚಂದ್ರಗುಪ್ತ ಮೌರ್ಯನ ಜೊತೆ ಒಪ್ಪಂದ ಮಾಡಿಕೊಂಡ ಅದೇ ಸೆಲ್ಯುಕಸ್. ಪೂರ್ವದ ನೆಲ ಬಿಟ್ಟುಕೊಟ್ಟು 500 ಆನೆ ಪಡೆದ. ಆ ಆನೆಗಳ ಬಲದಿಂದ ಕ್ರಿ.ಪೂ. 301ರಲ್ಲಿ ಇಪ್ಸಸ್ ಯುದ್ಧ ಗೆದ್ದ, ಸಿರಿಯಾ ಕೈಗೆ ಬಂತು, ಮರುವರ್ಷ ತನ್ನ ತಂದೆ ಅಂತಿಯೋಕನ ಹೆಸರಿನಲ್ಲಿ ಪಟ್ಟಣ ಕಟ್ಟಿಸಿದ. ಒಪ್ಪಂದದ ಈ ತುದಿಯ ಚಂದ್ರಗುಪ್ತ ಕೊನೆಗೆ ನಮ್ಮ ಶ್ರವಣಬೆಳಗೊಳಕ್ಕೆ ಬಂದ ಅನ್ನುತ್ತದೆ ಜೈನ ಪರಂಪರೆ. ಆ ತುದಿಯವನು ಕಟ್ಟಿಸಿದ ಪಟ್ಟಣದಲ್ಲಿ ‘ಕ್ರೈಸ್ತ’ ಪದ ಹುಟ್ಟಿತು. ವಿಷಯಕ್ಕೂ ಇದಕ್ಕೂ ದೊಡ್ಡ ಸಂಬಂಧವಿಲ್ಲ, ಸುಮ್ನೆ ಹೇಳಿದೆ.

ಒಂದನೇ ಶತಮಾನದ ಹೊತ್ತಿಗೆ ಅಂತಿಯೋಕ್ಯ ರೋಮನ್ನರ ಸಿರಿಯಾ ಪ್ರಾಂತ್ಯದ ರಾಜಧಾನಿ. ರೋಮ್ ಮತ್ತು ಅಲೆಕ್ಸಾಂಡ್ರಿಯಾ ಬಿಟ್ಟರೆ ಸಾಮ್ರಾಜ್ಯದಲ್ಲೇ ದೊಡ್ಡ ಊರು ಅನ್ನಿಸಿಕೊಂಡಿತ್ತು. ಬೀದಿಯಲ್ಲಿ ಗ್ರೀಕ್ ಮಾತು, ಸುತ್ತಲಿನ ಹಳ್ಳಿಗಳಲ್ಲಿ ಅರಾಮಿಕ್, ಕಚೇರಿ ಮತ್ತು ಸೈನ್ಯದಲ್ಲಿ ಲ್ಯಾಟಿನ್. ಜೊತೆಗೆ ದೊಡ್ಡ ಯೆಹೂದಿ ಕೇರಿ. ಇಲ್ಲಿನ ಜನಕ್ಕೆ ಗೇಲಿ ಮಾಡುವ ಚಟ ಸ್ವಲ್ಪ ಜಾಸ್ತಿ. ಚಕ್ರವರ್ತಿಯನ್ನೂ ಬಿಟ್ಟವರಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ಜೆರುಸಲೇಮಿನಲ್ಲಿ ಸ್ತೆಫನ ಎಂಬ ಶಿಷ್ಯನನ್ನು ಕಲ್ಲು ಹೊಡೆದು ಕೊಂದ ಮೇಲೆ ಶಿಷ್ಯರು ದಿಕ್ಕಾಪಾಲಾದರು. ಕೆಲವರು ಅಂತಿಯೋಕ್ಯಕ್ಕೆ ಬಂದರು. ಸೈಪ್ರಸ್ ಮತ್ತು ಕುರೇನ್ಯ ಕಡೆಯ ಕೆಲವರು ಇಲ್ಲಿ ಒಂದು ಹೊಸ ಕೆಲಸ ಮಾಡಿದರು. ಯೆಹೂದ್ಯರಿಗೆ ಮಾತ್ರ ಹೇಳುತ್ತಿದ್ದ ಸುದ್ದಿಯನ್ನು ಗ್ರೀಕರಿಗೂ ಹೇಳಿದರು. ಗ್ರೀಕರು ಸೇರಿಕೊಳ್ಳತೊಡಗಿದರು. ಸುದ್ದಿ ತಿಳಿದು ಜೆರುಸಲೇಮಿನಿಂದ ಬಾರ್ನಬ ಬಂದ. ತಾರ್ಸಕ್ಕೆ ಹೋಗಿ ಸೌಲನನ್ನು ಕರೆತಂದ. ಇಬ್ಬರೂ ಒಂದು ವರ್ಷ ಪೂರ್ತಿ ಅಲ್ಲಿ ಕಲಿಸಿದರು. ಇದೆಲ್ಲ ಕ್ರಿ.ಶ. 40ರ ದಶಕದ ಮೊದಲ ಭಾಗದಲ್ಲಿ ನಡೆದಿರಬೇಕು.

ಇಲ್ಲೇ ಹೆಸರಿನ ಅಗತ್ಯ ಬಂದದ್ದು. ಅಲ್ಲಿಯವರೆಗೆ ಇವರು ಯೆಹೂದ್ಯರಲ್ಲಿ ಒಂದು ಬಗೆ ಅಂದರೆ ಮುಗಿಯುತ್ತಿತ್ತು. ಈಗ ನೋಡಿದರೆ ಸುನ್ನತಿ ಇಲ್ಲದ ಗ್ರೀಕನೊಬ್ಬ ಯೆಹೂದ್ಯನ ಪಕ್ಕ ಕೂತು ಊಟ ಮಾಡುತ್ತಿದ್ದಾನೆ. ಅವನು ತನ್ನ ಅಪ್ಪ ಅಜ್ಜಂದಿರ ದೇವರ ಗುಡಿಗೆ ಹೋಗುವುದು ಬಿಟ್ಟಿದ್ದಾನೆ. ಯೆಹೂದ್ಯನೂ ಆಗಿಲ್ಲ. ಹಾಗಾದರೆ ಇವನು ಯಾರು? ಅಂತಿಯೋಕ್ಯದವರಿಗೆ ಕಂಡದ್ದು ಒಂದೇ: ಇವರೆಲ್ಲ ಎದ್ದರೆ ಕೂತರೆ ‘ಕ್ರಿಸ್ತ’ ಅನ್ನುತ್ತಾರೆ. ಸರಿ, ಹಾಗಾದರೆ ಇವರು ಕ್ರಿಸ್ತನ ಕಡೆಯವರು.

ಒಂದು ಪದದಲ್ಲಿ ಮೂರು ಭಾಷೆ

ಗ್ರೀಕ್‌ನಲ್ಲಿ ಆ ಪದ ‘ಕ್ರಿಸ್ತಿಯಾನೊಯ್’. ಬಿಡಿಸಿ ನೋಡಿದರೆ ಒಳಗೆ ಮೂರು ಭಾಷೆಗಳು ಸಿಗುತ್ತವೆ.

ಮೊದಲು ಹೀಬ್ರೂ. ಇಸ್ರಾಯೇಲಿನಲ್ಲಿ ರಾಜನನ್ನು ಪಟ್ಟಕ್ಕೆ ಕೂರಿಸುವಾಗ ತಲೆಗೆ ಆಲಿವ್ ಎಣ್ಣೆ ಸುರಿಯುತ್ತಿದ್ದರು. ಹಾಗೆ ಎಣ್ಣೆ ಹೊಯ್ಯಿಸಿಕೊಂಡವನು ‘ಮಾಶಿಯಾಹ್’, ನಮ್ಮ ಮಾತಿನಲ್ಲಿ ಅಭಿಷಿಕ್ತ. ಪಟ್ಟಾಭಿಷೇಕ ಗೊತ್ತಿರುವ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ದೇವರು ಕಳಿಸಲಿರುವ ರಾಜನಿಗೂ ಅದೇ ಬಿರುದು ಆಯಿತು. ಮೆಸ್ಸೀಯ ಅನ್ನುವುದು ಅದೇ ಪದ.

ಎರಡನೆಯದು ಗ್ರೀಕ್. ಹೀಬ್ರೂ ಗ್ರಂಥಗಳನ್ನು ಗ್ರೀಕ್‌ಗೆ ತರುವಾಗ ಆ ಪದವನ್ನು ಅರ್ಥ ನೋಡಿ ‘ಕ್ರಿಸ್ತೋಸ್’ ಅಂದರು. ಸವರು, ಹಚ್ಚು ಅನ್ನುವ ಅರ್ಥದ ಕ್ರಿಯಾಪದದಿಂದ ಬಂದದ್ದು. ತೊಂದರೆ ಏನೆಂದರೆ, ಯೆಹೂದಿ ಹಿನ್ನೆಲೆ ಇಲ್ಲದ ಗ್ರೀಕನಿಗೆ ಅದರಲ್ಲಿ ರಾಜನೂ ಕಾಣುವುದಿಲ್ಲ, ದೇವರೂ ಕಾಣುವುದಿಲ್ಲ. ಮುಲಾಮು, ಲೇಪ ಇಂಥದ್ದು ನೆನಪಾಗುತ್ತದೆ. ಅವನು ಅದನ್ನು ಬಿರುದು ಅಂತ ತಿಳಿಯದೆ ಒಬ್ಬ ಮನುಷ್ಯನ ಹೆಸರು ಅಂತಲೇ ಹಿಡಿದುಕೊಂಡ.

ಮೂರನೆಯದು ಲ್ಯಾಟಿನ್, ಅಂದರೆ ಬಾಲದಲ್ಲಿರುವ ‘ಇಯಾನ’. ಗ್ರೀಕ್‌ನವರಿಗೆ ತಮ್ಮದೇ ಪ್ರತ್ಯಯಗಳು ಬೇಕಾದಷ್ಟಿದ್ದವು. ಇದು ರೋಮನ್ ರಾಜಕೀಯದಿಂದ ಬಂದದ್ದು. ಸೀಸರನಿಗೂ ಪಾಂಪೆಗೂ ಯುದ್ಧವಾದಾಗ ಸೀಸರನ ಕಡೆಯವರು ‘ಸಿಸೇರಿಯಾನಿ’, ಪಾಂಪೆ ಕಡೆಯವರು ‘ಪಾಂಪೆಯಾನಿ’. ಮಾರ್ಕನ ಸುವಾರ್ತೆಯಲ್ಲಿ ಬರುವ ಹೆರೋದ್ಯರೂ, ಅಂದರೆ ಹೆರೋದನ ಕಡೆಯವರೂ, ಅದೇ ಅಚ್ಚಿನವರು. ಚಕ್ರವರ್ತಿ ನೀರೋ ವೇದಿಕೆ ಹತ್ತಿ ಹಾಡಿದರೆ ಚಪ್ಪಾಳೆ ಹೊಡೆಯಲೆಂದೇ ತರಬೇತಿ ಪಡೆದ ಒಂದು ಪಡೆ ಇತ್ತು, ಅವರ ಹೆಸರು ‘ಆಗಸ್ತಿಯಾನಿ’. ಒಬ್ಬ ನಾಯಕ, ಅವನ ಹಿಂದೆ ಒಂದು ಗುಂಪು. ‘ಗೌಡ್ರ ಕಡೆಯವರು’, ‘ಸಾಹುಕಾರ್ರ ಪಾರ್ಟಿ’ ಅಂತ ಊರಲ್ಲಿ ಹೇಳುವುದಿಲ್ಲವೇ, ಹಾಗೆ.

ಒಂದು ಭಾಷೆಯ ಪದಕ್ಕೆ ಇನ್ನೊಂದರ ಬಾಲ ಅಂಟುವುದು ಬಹುಭಾಷೆಯ ಊರುಗಳಲ್ಲಿ ಮಾಮೂಲು. ನಮ್ಮ ‘ಪಾಲುದಾರ’ನನ್ನೇ ನೋಡಿ. ಪಾಲು ಅಚ್ಚ ಕನ್ನಡ, ದಾರ ಪಾರಸಿ. ಗುತ್ತಿಗೆದಾರನೂ ಅಷ್ಟೇ. ಕಚೇರಿ ಮಾತು ಬಂದು ಮನೆ ಮಾತಿಗೆ ಅಂಟಿಕೊಂಡಾಗ ಇಂಥ ಪದಗಳು ಹುಟ್ಟುತ್ತವೆ.

ಇಷ್ಟು ಗೊತ್ತಾದ ಮೇಲೆ ಹೆಸರಿಟ್ಟವರು ಯಾರು ಅಂತ ಊಹಿಸಬಹುದು. ಯೆಹೂದ್ಯರು ಇಟ್ಟಿರಲಾರರು. ಯೇಸುವನ್ನು ಮೆಸ್ಸೀಯ ಅಂತ ಒಪ್ಪದವರು ಅವನ ಹಿಂದೆ ಹೋದವರಿಗೆ ‘ಮೆಸ್ಸೀಯನ ಕಡೆಯವರು’ ಅಂತ ಯಾಕೆ ಹೆಸರಿಟ್ಟಾರು? ಉಳಿದವರು ಊರಿನ ಜನ, ರೋಮನ್ ಅಧಿಕಾರಿಗಳು ಮತ್ತು ಶಿಷ್ಯರು. ಶಿಷ್ಯರೇ ಇಟ್ಟುಕೊಂಡರು ಅಂತ 1949ರಲ್ಲಿ ಎಲಿಯಾಸ್ ಬಿಕರ್‌ಮನ್ ಎಂಬ ವಿದ್ವಾಂಸ ವಾದಿಸಿದ. ಅಪೊಸ್ತಲರ ಕೃತ್ಯಗಳ ಆ ಸಾಲಿನಲ್ಲಿರುವ ಗ್ರೀಕ್ ಕ್ರಿಯಾಪದ ಕರ್ತರಿ ರೂಪದಲ್ಲಿದೆ, ಕರ್ಮಣಿಯಲ್ಲಿಲ್ಲ. ಆದ್ದರಿಂದ ‘ಕರೆಯಲ್ಪಟ್ಟರು’ ಅಂತ ಓದಬಾರದು, ‘ಕರೆದುಕೊಂಡರು’ ಅಂತ ಓದಬೇಕು ಅನ್ನುವುದು ಅವನ ವಾದ.

ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅದೇ ಕ್ರಿಯಾಪದವನ್ನು, ಅದೇ ಕರ್ತರಿ ರೂಪದಲ್ಲಿ, ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಬಳಸುತ್ತಾನೆ. ಗಂಡ ಬದುಕಿರುವಾಗ ಇನ್ನೊಬ್ಬನನ್ನು ಸೇರಿದವಳು ಹಾದರಗಿತ್ತಿ ಅನ್ನಿಸಿಕೊಳ್ಳುತ್ತಾಳೆ ಅನ್ನುವ ಮಾತದು. ಯಾವ ಹೆಂಗಸೂ ತನಗೆ ತಾನೇ ಆ ಹೆಸರು ಇಟ್ಟುಕೊಳ್ಳುವುದಿಲ್ಲ. ಕನ್ನಡದ ‘ಅನ್ನಿಸಿಕೊಳ್ಳು’ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನೋಡಲು ತಾನೇ ಮಾಡಿಕೊಂಡಂತೆ ಕಂಡರೂ ಅನ್ನುವವರು ಬೇರೆಯವರು. ಅಂತಿಯೋಕ್ಯದಲ್ಲಿ ಶಿಷ್ಯರು ಕ್ರೈಸ್ತರು ಅನ್ನಿಸಿಕೊಂಡರು. ಅಷ್ಟೆ. ಲ್ಯಾಟಿನ್ ಬಾಲ ನೋಡಿದರೆ ಅಧಿಕಾರಿಗಳ ಕೈವಾಡ ಇದ್ದಂತಿದೆ. ಆದರೆ ಅಂಥ ಪದಗಳು ಕಚೇರಿಯಿಂದ ಸಂತೆಗೆ ಬರಲು ಎಷ್ಟು ಹೊತ್ತು ಬೇಕು?

ಇನ್ನೊಂದು ಮಾತು. ಇಂಥ ಗುಂಪಿನ ಹೆಸರುಗಳು ಪೌಲನಿಗೆ ಹಿಡಿಸುತ್ತಲೂ ಇರಲಿಲ್ಲ. ಕೊರಿಂಥದಲ್ಲಿ ಜನ ‘ನಾನು ಪೌಲನ ಕಡೆ’, ‘ನಾನು ಅಪೊಲ್ಲೋಸನ ಕಡೆ’, ‘ನಾನು ಕ್ರಿಸ್ತನ ಕಡೆ’ ಅಂತ ಹಂಚಿಕೊಂಡು ಜಗಳವಾಡಿದಾಗ, ಕ್ರಿಸ್ತ ಏನು ಪಾಲಾಗಿದ್ದಾನೆಯೇ ಅಂತ ಅವನು ಗದರುತ್ತಾನೆ. ಆ ಹೆಸರನ್ನು ಅವನು ಯಾಕೆ ಮುಟ್ಟಲಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಚೆನ್ನಪ್ಪನ ಕಡೆಯವರು

ಈಗ ಒಂದು ಅಕ್ಷರದ ಗಲಾಟೆ. ಗ್ರೀಕ್‌ನಲ್ಲಿ ‘ಕ್ರೇಸ್ತೋಸ್’ ಅಂತ ಇನ್ನೊಂದು ಪದವಿದೆ. ಒಳ್ಳೆಯವನು, ಕೆಲಸಕ್ಕೆ ಬರುವವನು ಅಂತ ಅರ್ಥ. ಗುಲಾಮರಿಗೆ ಇಡುತ್ತಿದ್ದ ತೀರಾ ಸಾಮಾನ್ಯ ಹೆಸರು ಅದು, ನಮ್ಮ ಚೆನ್ನಪ್ಪ ಇದ್ದ ಹಾಗೆ. ಆ ಕಾಲಕ್ಕೆ ಗ್ರೀಕ್ ಉಚ್ಚಾರಣೆ ಬದಲಾಗುತ್ತಿತ್ತು. ‘ಏ’ ಸ್ವರ ‘ಇ’ ಕಡೆಗೆ ಜಾರುತ್ತಿತ್ತು. ಬಾಯಲ್ಲಿ ಹೇಳಿದರೆ ಕ್ರಿಸ್ತೋಸ್ ಯಾವುದು, ಕ್ರೇಸ್ತೋಸ್ ಯಾವುದು ಗೊತ್ತಾಗುತ್ತಿರಲಿಲ್ಲ. ಕೇಳಿದವರು ತಮಗೆ ಗೊತ್ತಿರುವ ಹೆಸರನ್ನೇ ಕೇಳಿಸಿಕೊಂಡರು. ಎಣ್ಣೆ ಹಚ್ಚಿಸಿಕೊಂಡವನು ಅನ್ನುವುದಕ್ಕಿಂತ ಚೆನ್ನಪ್ಪ ಅನ್ನುವುದೇ ಅವರಿಗೆ ಸರಿ ಅನ್ನಿಸಿತು.

ರೋಮನ್ ಲೇಖಕ ಸ್ವೆಟೋನಿಯಸ್, ‘ಕ್ರೆಸ್ತುಸ್’ ಎಂಬವನ ಚಿತಾವಣೆಯಿಂದ ಸದಾ ಗದ್ದಲ ಮಾಡುತ್ತಿದ್ದ ಯೆಹೂದ್ಯರನ್ನು ಚಕ್ರವರ್ತಿ ಕ್ಲಾಡಿಯಸ್ ರೋಮ್‌ನಿಂದ ಓಡಿಸಿದ ಅಂತ ಬರೆಯುತ್ತಾನೆ. ಇದು ಸುಮಾರು ಕ್ರಿ.ಶ. 49ರ ಮಾತು. ಯೇಸುವಿನ ಬಗ್ಗೆ ಯೆಹೂದ್ಯರೊಳಗೆ ನಡೆದ ಜಗಳವೇ ಇದು ಅಂತ ಬಹಳ ಜನ ವಿದ್ವಾಂಸರ ಅಭಿಪ್ರಾಯ. ನಿಜಕ್ಕೂ ಕ್ರೆಸ್ತುಸ್ ಅಂತ ಬೇರೊಬ್ಬ ಪುಂಡ ಇದ್ದಿರಬಹುದು ಅನ್ನುವವರೂ ಇದ್ದಾರೆ. ಅಷ್ಟು ಸಾಮಾನ್ಯ ಹೆಸರು ಅದು.

ಇನ್ನೊಬ್ಬ ರೋಮನ್ ಲೇಖಕ ಟ್ಯಾಸಿಟಸ್‌ನದು ಇನ್ನೂ ಸ್ವಾರಸ್ಯ. ಕ್ರಿ.ಶ. 64ರ ಜುಲೈನಲ್ಲಿ ರೋಮ್ ಹೊತ್ತಿ ಉರಿಯಿತು. ನೀರೋನೇ ಬೆಂಕಿ ಇಡಿಸಿದ ಅಂತ ಗುಸುಗುಸು ಎದ್ದಿತು. ಅದನ್ನು ಅಡಗಿಸಲು ಅವನು ಒಂದು ಗುಂಪಿನ ಮೇಲೆ ತಪ್ಪು ಹೊರಿಸಿ ಘೋರವಾಗಿ ಕೊಲ್ಲಿಸಿದ. ಸುಮಾರು ಐವತ್ತು ವರ್ಷದ ನಂತರ ಇದನ್ನು ಬರೆದ ಟ್ಯಾಸಿಟಸ್, ಜನ ಇವರನ್ನು ‘ಕ್ರೆಸ್ತಿಯಾನಿ’ ಅನ್ನುತ್ತಿದ್ದರು ಅನ್ನುತ್ತಾನೆ. ಮರುಸಾಲಿನಲ್ಲೇ, ಈ ಹೆಸರಿನ ಮೂಲ ಕ್ರಿಸ್ತುಸ್, ತಿಬೇರಿಯಸ್ ಆಳುತ್ತಿದ್ದಾಗ ಪೊಂತ್ಯ ಪಿಲಾತ ಅವನನ್ನು ಕೊಲ್ಲಿಸಿದ ಅಂತ ಸೇರಿಸುತ್ತಾನೆ. ಜನ ಹೇಳುತ್ತಿದ್ದದ್ದು ‘ಎ’, ಸರಿಯಾದದ್ದು ‘ಇ’ ಅಂತ ಅವನು ಮೆಲ್ಲಗೆ ತಿದ್ದುತ್ತಿರುವ ಹಾಗಿದೆ. ಈ ಭಾಗ ಉಳಿದಿರುವುದು ಫ್ಲಾರೆನ್ಸ್‌ನ ಲಾರೆಂಟಿಯನ್ ಗ್ರಂಥಾಲಯದ 11ನೇ ಶತಮಾನದ ಹಸ್ತಪ್ರತಿಯಲ್ಲಿ. ಅಲ್ಲಿ ಮೊದಲು ಬರೆದಿದ್ದ ‘ಎ’ ಅಕ್ಷರವನ್ನು ಯಾರೋ ಕೆರೆದು ‘ಇ’ ಮಾಡಿದ್ದಾರೆ. 1902ರಲ್ಲಿ ಗೇಯೋರ್ಗ್ ಆಂದ್ರೆಸೆನ್ ಎಂಬ ವಿದ್ವಾಂಸ ಇದನ್ನು ಗಮನಿಸಿದ. ಆಮೇಲೆ ನೇರಳಾತೀತ ಬೆಳಕಿನಲ್ಲಿ ನೋಡಿದಾಗ ಅದು ಖಾತ್ರಿಯಾಯಿತು.

ತಪ್ಪು ಬರೀ ಹೊರಗಿನವರದ್ದೇ ಅಂದುಕೊಳ್ಳಬೇಡಿ. 4ನೇ ಶತಮಾನದ ಸಿನಾಯ್ ಹಸ್ತಪ್ರತಿ ಬೈಬಲಿನ ಅತಿ ಹಳೆಯ ಪ್ರತಿಗಳಲ್ಲಿ ಒಂದು. ನಾನು ಮೊದಲು ಹೇಳಿದ ಆ ಮೂರೂ ಜಾಗಗಳಲ್ಲಿ ಅದರ ಲಿಪಿಕಾರ ಮೊದಲು ಬರೆದದ್ದು ‘ಕ್ರೇಸ್ತಿಯಾನ’ ಅಂತಲೇ.

ಈ ಗೊಂದಲದಿಂದ ಲಾಭ ತೆಗೆದವರೂ ಇದ್ದರು. 2ನೇ ಶತಮಾನದಲ್ಲಿ ಜಸ್ಟಿನ್ ಎಂಬವನು ಚಕ್ರವರ್ತಿಗೆ ಬರೆದ ಮನವಿಯಲ್ಲಿ, ನಮ್ಮ ಹೆಸರಿನಲ್ಲೇ ಒಳ್ಳೆಯತನ ಇದೆ, ಒಳ್ಳೆಯದನ್ನು ದ್ವೇಷಿಸುವುದು ನ್ಯಾಯವೇ ಅಂತ ಶ್ಲೇಷೆ ಮಾಡುತ್ತಾನೆ. 197ರಲ್ಲಿ ಕಾರ್ಥೇಜಿನ ತೆರ್ತುಲ್ಲಿಯನ್ ಇನ್ನೂ ಚುರುಕು. ನೀವು ದ್ವೇಷಿಸುವ ಹೆಸರನ್ನು ಸರಿಯಾಗಿ ಹೇಳಲೂ ಬಾರದು ನಿಮಗೆ, ತಪ್ಪಾಗಿ ಹೇಳಿದರೂ ಅದರ ಅರ್ಥ ಒಳ್ಳೆಯದೇ ಆಗುತ್ತದೆ ಅನ್ನುತ್ತಾನೆ. ಈ ತೆರ್ತುಲ್ಲಿಯನ್ ವಕೀಲನ ನಾಲಿಗೆಯವನು. ಮುಂದೆ ಮತ್ತೆ ಬರುತ್ತಾನೆ.

ಹೆಸರೇ ಅಪರಾಧ

ಕ್ರಿ.ಶ. 112ರ ಸುಮಾರಿಗೆ, ಇಂದಿನ ಟರ್ಕಿಯ ಉತ್ತರ ಭಾಗದ ಬಿಥಿನಿಯಾ ಪ್ರಾಂತ್ಯದ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ಕಾಗದ ಬರೆದ. ಸರ್ಕಾರಿ ಕಾಗದಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ. ಕ್ರೈಸ್ತರ ವಿಚಾರಣೆಗಳಲ್ಲಿ ನಾನು ಹಿಂದೆ ಭಾಗವಹಿಸಿಲ್ಲ, ಆದ್ದರಿಂದ ಶಿಕ್ಷೆ ಯಾವುದಕ್ಕೆ ಅಂತ ತಿಳಿಯದು ಅಂತ ಶುರು ಮಾಡುತ್ತಾನೆ. ಬೇರೆ ತಪ್ಪು ಏನೂ ಮಾಡದಿದ್ದರೂ ಬರೀ ಆ ಹೆಸರಿಗೇ ಶಿಕ್ಷೆಯೇ, ಅಥವಾ ಹೆಸರಿನ ಜೊತೆ ಅಂಟಿಕೊಂಡ ಅಪರಾಧಗಳಿಗೆ ಶಿಕ್ಷೆಯೇ ಅನ್ನುವುದು ಅವನ ಪ್ರಶ್ನೆ.

ಪ್ರಶ್ನೆ ಕೇಳಿದ್ದಾನೆ ಅಂತ ಸುಮ್ಮನಿರಲಿಲ್ಲ. ಹಿಡಿದು ತಂದವರನ್ನು ನೀನು ಕ್ರೈಸ್ತನೇ ಅಂತ ಕೇಳುತ್ತಿದ್ದ. ಹೌದು ಅಂದರೆ ಬೆದರಿಕೆ ಹಾಕಿ ಎರಡನೇ ಸಲ, ಮೂರನೇ ಸಲ ಕೇಳುತ್ತಿದ್ದ. ಮೂರೂ ಸಲ ಹೌದು ಅಂದವರನ್ನು ಕೊಲ್ಲಲು ಕಳಿಸುತ್ತಿದ್ದ. ರೋಮನ್ ಪೌರರಾಗಿದ್ದರೆ ರೋಮ್‌ಗೆ ಕಳಿಸಲು ಬರೆದಿಡುತ್ತಿದ್ದ. ಅಲ್ಲ ಅಂದವರು ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಿ, ದ್ರಾಕ್ಷಾರಸ ಎರೆದು, ಕ್ರಿಸ್ತನನ್ನು ಶಪಿಸಿದರೆ ಬಿಟ್ಟುಬಿಡುತ್ತಿದ್ದ. ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಸಿಕ್ಕಿದ್ದು ಇಷ್ಟೇ: ಗೊತ್ತಾದ ಒಂದು ದಿನ ಬೆಳಗಾಗುವ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ ಹಾದರ ಮಾಡುವುದಿಲ್ಲ ಅಂತ ಆಣೆ ಇಡುತ್ತಾರೆ, ಆಮೇಲೆ ಎಲ್ಲರಂತೆ ಊಟ ಮಾಡುತ್ತಾರೆ.

ಟ್ರಾಜನ್‌ನ ಉತ್ತರ ನಾಲ್ಕಾರು ಸಾಲು. ಅವರನ್ನು ಹುಡುಕಿಕೊಂಡು ಹೋಗಬೇಡ. ಯಾರಾದರೂ ತಂದು ಒಪ್ಪಿಸಿ ಸಾಬೀತಾದರೆ ಶಿಕ್ಷಿಸು. ಅಲ್ಲ ಅಂದು ನಮ್ಮ ದೇವರಿಗೆ ಪೂಜೆ ಮಾಡಿದರೆ ಬಿಟ್ಟುಬಿಡು. ಹೆಸರು ಹಾಕದ ಮೂಗರ್ಜಿಗಳನ್ನು ಮುಟ್ಟಬೇಡ. ಹೆಸರಿಗೋ ಅಪರಾಧಕ್ಕೋ ಅನ್ನುವ ಪ್ರಶ್ನೆಗೆ ನೇರವಾಗಿ ಉತ್ತರಿಸಲೇ ಇಲ್ಲ. ಆದರೆ ಅಲ್ಲ ಅಂದರೆ ಬಿಡುವುದಾದರೆ ಅಪರಾಧ ಇರುವುದು ಹೆಸರಿನಲ್ಲೇ ಅಂತಾಯಿತು. ಕದ್ದವನು ಇನ್ನು ಕದಿಯುವುದಿಲ್ಲ ಅಂದರೆ ಯಾವ ನ್ಯಾಯಾಧೀಶ ಬಿಡುತ್ತಾನೆ?

ತೆರ್ತುಲ್ಲಿಯನ್ ಕೈ ಹಾಕಿದ್ದು ಇಲ್ಲಿಗೇ. ತಪ್ಪಿತಸ್ಥರಾದರೆ ಯಾಕೆ ಹುಡುಕುವುದಿಲ್ಲ, ನಿರಪರಾಧಿಗಳಾದರೆ ಯಾಕೆ ಶಿಕ್ಷಿಸುತ್ತೀರಿ ಅಂತ ಕೇಳಿದ. ಬೇರೆ ಅಪರಾಧಿಗಳಿಗೆ ಒಪ್ಪಿಕೊಳ್ಳಲಿ ಅಂತ ಹಿಂಸೆ ಕೊಡುತ್ತೀರಿ, ನಮಗೆ ಮಾತ್ರ ಅಲ್ಲ ಅನ್ನಲಿ ಅಂತ ಹಿಂಸೆ ಕೊಡುತ್ತೀರಿ ಅಂದ. ಇಂದಿನ ಯಾವ ಕೋರ್ಟಿನಲ್ಲಾದರೂ ನಿಲ್ಲುವ ವಾದ ಅದು.

ಹೀಗಾಗಿ ಒಂದು ತಮಾಷೆ ನಡೆಯಿತು. ತಮಾಷೆ ಅನ್ನಬಾರದು, ಜೀವ ಹೋಗುವ ವಿಷಯ. ನೀನು ಕ್ರೈಸ್ತನೇ ಅನ್ನುವ ಪ್ರಶ್ನೆಗೆ ಹೌದು ಅಲ್ಲ ಎರಡೇ ಉತ್ತರ ಇದ್ದಾಗ, ಆ ಪದ ಆರೋಪಿಯ ಬಾಯಿಗೆ ಬಂತು. ಯಾರೋ ಅಂಟಿಸಿದ ಚೀಟಿಯನ್ನು ಕೈಯಲ್ಲಿ ಹಿಡಿದು ಎತ್ತಿ ತೋರಿಸಬೇಕಾಯಿತು. 2ನೇ ಶತಮಾನದ ಶುರುವಿನಲ್ಲಿ ಸಂಕೋಲೆ ತೊಟ್ಟು ರೋಮ್‌ಗೆ ಹೊರಟ ಇಗ್ನೇಷಿಯಸ್, ಬರೀ ಕ್ರೈಸ್ತ ಅನ್ನಿಸಿಕೊಳ್ಳುವುದಲ್ಲ, ಕ್ರೈಸ್ತನಾಗಿ ಕಾಣಬೇಕು ಅಂತ ಬರೆಯುತ್ತಾನೆ. ‘ಕ್ರೈಸ್ತಧರ್ಮ’ ಅನ್ನುವುದಕ್ಕೆ ಗ್ರೀಕ್ ಪದ ಮೊದಲು ಸಿಗುವುದೂ ಇವನ ಕಾಗದಗಳಲ್ಲೇ. ಇವನು ಯಾವ ಊರಿನ ಬಿಷಪ್ ಗೊತ್ತೇ? ಅಂತಿಯೋಕ್ಯ.

180ರ ಜುಲೈ 17ರಂದು ಕಾರ್ಥೇಜಿನಲ್ಲಿ ಸ್ಕಿಲ್ಲಿ ಎಂಬ ಊರಿನ 12 ಜನರ ವಿಚಾರಣೆ ನಡೆಯಿತು. ಯೋಚಿಸಲು 30 ದಿನ ಕೊಡುತ್ತೇನೆ ಅಂದ ಅಧಿಕಾರಿ ಸ್ಯಾಟರ್ನಿನಸ್. ನಾನು ಕ್ರೈಸ್ತ ಅಂದ ಸ್ಪೆರಾಟಸ್, ಉಳಿದವರೂ ಅವನ ಜೊತೆ ನಿಂತರು. ಅದೇ ಕಾರ್ಥೇಜಿನಲ್ಲಿ 203ರಲ್ಲಿ ಪೆರ್ಪೆಟುವ ಎಂಬ ಸುಮಾರು 22 ವರ್ಷದ ಬಾಣಂತಿಯ ಕತೆ ಇನ್ನೂ ಮನಸ್ಸಿಗೆ ಹತ್ತುತ್ತದೆ. ಜೈಲಿನಲ್ಲಿ ಅವಳೇ ಬರೆದದ್ದು ಎಂದು ಬಂದಿರುವ ದಿನಚರಿ ಇದೆ. ಅಪ್ಪ ಬಂದು, ಅಲ್ಲ ಅಂದುಬಿಡು ಮಗಳೇ ಅಂತ ಅಂಗಲಾಚುತ್ತಾನೆ. ಅವಳು ಅಲ್ಲಿ ಬಿದ್ದಿದ್ದ ಒಂದು ಪಾತ್ರೆ ತೋರಿಸುತ್ತಾಳೆ. ‘ಅಪ್ಪಾ, ಇದನ್ನು ತಂಬಿಗೆ ಅನ್ನದೆ ಬೇರೆ ಏನಾದರೂ ಅನ್ನಲಿಕ್ಕೆ ಆಗುತ್ತದೆಯೇ?’ ಆಗುವುದಿಲ್ಲ ಅನ್ನುತ್ತಾನೆ. ‘ಹಾಗೇ ನನ್ನನ್ನೂ ಕ್ರೈಸ್ತೆ ಅನ್ನದೆ ಬೇರೆ ಏನೂ ಅನ್ನಲಿಕ್ಕಾಗುವುದಿಲ್ಲ.’ ಅಂತಿಯೋಕ್ಯದ ಬೀದಿಯಲ್ಲಿ ಹುಟ್ಟಿದ ಗುಂಪಿನ ಹೆಸರು ನೂರಾ ಅರವತ್ತು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿತ್ತು.

ನಜರೇತಿನ ಹೆಸರು ಎಲ್ಲಿ ಹೋಯಿತು?

ಅದು ಸಾಯಲಿಲ್ಲ. ರೋಮನ್ ಸಾಮ್ರಾಜ್ಯದ ಪೂರ್ವಕ್ಕೆ ಹೋಯಿತು. ಹೀಬ್ರೂವಿನಲ್ಲಿ ಇಂದಿಗೂ ಕ್ರೈಸ್ತರು ‘ನೋಟ್ಸ್ರಿಮ್’. ಅರಬ್ಬಿಯಲ್ಲಿ ಕುರಾನ್ ಬಳಸುವ ಪದ ‘ನಸಾರಾ’. ಕೇರಳದ ಹಳೆಯ ಕ್ರೈಸ್ತರಾದ ‘ನಸ್ರಾಣಿ’ಗಳೂ ಇದೇ ಬಳ್ಳಿಯ ಕಾಯಿ.

ಎರಡೂ ಹೆಸರು ಒಂದೇ ಕಲ್ಲಿನಲ್ಲಿ ಸಿಗುವ ಜಾಗವೂ ಇದೆ. 3ನೇ ಶತಮಾನದ ಕೊನೆಯಲ್ಲಿ ಪರ್ಷಿಯಾದ ಜೊರಾಸ್ಟ್ರಿಯನ್ ಧರ್ಮಾಧಿಕಾರಿ ಕಾರ್ತೀರ್, ತಾನು ಹೊಡೆದು ಹಾಕಿದ ಪರಧರ್ಮದವರ ಪಟ್ಟಿಯನ್ನು ನಕ್ಷ್-ಎ-ರುಸ್ತಮ್‌ನಲ್ಲಿ ಕೆತ್ತಿಸಿದ. ಯೆಹೂದ್ಯರು, ಬೌದ್ಧ ಶ್ರಮಣರು, ಬ್ರಾಹ್ಮಣರು ಆದ ಮೇಲೆ ‘ನಾಸ್ರಾಯ್’ ಬೇರೆ, ‘ಕ್ರಿಸ್ತಿಯಾನ್’ ಬೇರೆ. ಅದಕ್ಕೆ ಸ್ವಲ್ಪ ಹಿಂದೆ ಪರ್ಷಿಯಾದ ದೊರೆ ಶಾಪೂರ್ ಅಂತಿಯೋಕ್ಯವನ್ನು ಗೆದ್ದು ಅಲ್ಲಿನ ಜನರನ್ನು ಸೆರೆಹಿಡಿದು ತನ್ನ ನಾಡಿಗೆ ಸಾಗಿಸಿದ್ದ. ಹಾಗೆ ಬಂದ ಗ್ರೀಕ್ ಮಾತಿನವರು ‘ಕ್ರಿಸ್ತಿಯಾನ್’, ಮೊದಲಿಂದ ಅಲ್ಲಿದ್ದ ಅರಾಮಿಕ್ ಮಾತಿನವರು ‘ನಾಸ್ರಾಯ್’ ಅನ್ನುವುದು ಒಂದು ವಿವರಣೆ. ನನಗೆ ಇದು ಒಪ್ಪುವ ಹಾಗಿದೆ.

ನಮ್ಮ ಕಡೆ ಬಂದರೆ, ಹಳಬರು ಆಡುಮಾತಿನಲ್ಲಿ ‘ಕಿರಿಸ್ತಾನರು’ ಅನ್ನುತ್ತಿದ್ದರು. ಮಂಗಳೂರಿನ ಕೊಂಕಣಿಯ ‘ಕ್ರಿಸ್ತಾಂವ್’ ಪೋರ್ಚುಗೀಸರಿಂದ ಬಂದದ್ದು. ಅದೇ ಜನರನ್ನು ತುಳುವಿನಲ್ಲಿ ‘ಪೊರ್ಬುಳು’ ಅನ್ನುವುದೂ ಉಂಟು. ಪ್ರಭು ಅನ್ನುವ ಮನೆತನದ ಹೆಸರಿನಿಂದ ಅಕ್ಕಪಕ್ಕದವರು ಮಾಡಿಕೊಂಡ ಪದ ಅದು. ಇನ್ನು ಅಂತಿಯೋಕ್ಯದ ನೇರ ನಂಟು ಬೇಕೆಂದರೆ ಉಡುಪಿ ಜಿಲ್ಲೆಯ ಬ್ರಹ್ಮಾವರಕ್ಕೆ ಹೋಗಬೇಕು. ಅಲ್ಲಿನ ಕೊಂಕಣಿ ಮಾತಿನ ಆರ್ಥೊಡಾಕ್ಸ್ ಸಮುದಾಯ ಆಲ್ವಾರೆಸ್ ಮಾರ್ ಜೂಲಿಯಸ್ ಅವರ ಕಾಲದಲ್ಲಿ ರೂಪುಗೊಂಡಿತು. ಅವರಿಗೆ 1889ರಲ್ಲಿ ಬಿಷಪ್ ಪಟ್ಟ ಸಿಕ್ಕಿದ್ದು ಅಂತಿಯೋಕ್ಯದ ಸಭೆಯ ಮುಖ್ಯಸ್ಥರಾದ ಪಿತೃಪ್ರಧಾನರ ಒಪ್ಪಿಗೆಯಿಂದ.

ಬರಹದ ‘ಕ್ರೈಸ್ತ’ ಮಾತ್ರ ಬೇರೆ ಜಾಡಿನದು. ಶಿವನಿಂದ ಶೈವ, ಜಿನನಿಂದ ಜೈನ, ಬುದ್ಧನಿಂದ ಬೌದ್ಧ, ಕ್ರಿಸ್ತನಿಂದ ಕ್ರೈಸ್ತ. ಲ್ಯಾಟಿನ್‌ನವರು ಬಾಲ ಅಂಟಿಸಿ ಮಾಡಿದ ಕೆಲಸವನ್ನು ಸಂಸ್ಕೃತ ವ್ಯಾಕರಣ ಮೊದಲ ಸ್ವರ ಹಿಗ್ಗಿಸಿ ಮಾಡಿತು. ಅರ್ಥ ಅದೇ, ಅವನ ಕಡೆಯವನು. ಆದರೆ ಕನ್ನಡದ ಕಿವಿಗೆ ಗೌಡ್ರ ಪಾರ್ಟಿಯ ವಾಸನೆ ಇಲ್ಲಿ ಬರುವುದೇ ಇಲ್ಲ. ಶೈವ, ಜೈನರ ಸಾಲಿನಲ್ಲಿ ಸಲೀಸಾಗಿ ಕೂತುಬಿಟ್ಟಿದೆ.

ಈಗ ಗಡ್ಡದ ಕತೆ

ಚಕ್ರವರ್ತಿಗಳೇ ಕ್ರೈಸ್ತರಾದ ಮೇಲೆ ಆ ಹೆಸರಿಗೆ ಬೆಲೆ ಬಂತು. 361ರಲ್ಲಿ ಪಟ್ಟಕ್ಕೆ ಬಂದ ಜೂಲಿಯನ್ ಮತ್ತೆ ಹಳೆಯ ದೇವರುಗಳ ಕಡೆಗೆ ತಿರುಗಿದ. ಇವರನ್ನು ಕ್ರೈಸ್ತರು ಅನ್ನಲು ಅವನು ಒಪ್ಪಲಿಲ್ಲ. ಹಟ ಹಿಡಿದು ‘ಗಲಿಲಾಯದವರು’ ಅಂತಲೇ ಬರೆದ. ಯೇಸುವಿನ ನಜರೇತ ಇದ್ದ ಸೀಮೆ ಗಲಿಲಾಯ. ಯಾವುದೋ ಮೂಲೆಯ ಹಳ್ಳಿಗಾಡಿನವರು ಅನ್ನುವ ಧ್ವನಿ ಅದರಲ್ಲಿತ್ತು. ಮುನ್ನೂರು ವರ್ಷದ ಹಿಂದೆ ಕೀಳು ಮಾಡಲು ಬಳಸಿದ ಪದ ಈಗ ಅವರಿಂದ ಕಿತ್ತುಕೊಳ್ಳಬೇಕಾದಷ್ಟು ಮೇಲಾಗಿತ್ತು.

362ರ ಬೇಸಿಗೆಯಲ್ಲಿ ಅವನು ಅಂತಿಯೋಕ್ಯಕ್ಕೆ ಬಂದು ಬೀಡುಬಿಟ್ಟ. ಊರು ಆಗ ಬಹುಪಾಲು ಕ್ರೈಸ್ತವಾಗಿತ್ತು. ಗೇಲಿಯ ಚಟ ಮಾತ್ರ ಹಾಗೇ ಇತ್ತು. ತತ್ತ್ವಜ್ಞಾನಿಗಳಂತೆ ಗಡ್ಡ ಬಿಟ್ಟಿದ್ದ ಜೂಲಿಯನ್‌ನನ್ನು ನೋಡಿ, ಆ ಗಡ್ಡದಿಂದ ಹಗ್ಗ ಹೊಸೆಯಬಹುದು ಅಂತ ಆಡಿಕೊಂಡರು. ಅವನು ದಂಡಿಸುವ ಬದಲು ‘ಗಡ್ಡದ್ವೇಷಿ’ ಅಂತ ಒಂದು ಬರಹ ಬರೆದು ಊರಿನಲ್ಲೇ ಪ್ರಕಟಿಸಿದ. ಕೋಪ, ಸ್ವಂತ ಗೇಲಿ, ನೋವು ಎಲ್ಲ ಕಲಸಿಕೊಂಡಿರುವ ಬರಹ. ಅದರಲ್ಲಿ ಅಂತಿಯೋಕ್ಯದವರು ಆಡುತ್ತಿದ್ದ ಒಂದು ಒಗಟಿನ ಮಾತನ್ನೂ ಎತ್ತಿ ಬರೆದಿದ್ದಾನೆ: ‘ಖೀ ನಮ್ಮೂರಿಗೆ ಏನೂ ಕೆಡುಕು ಮಾಡಲಿಲ್ಲ, ಕಪ್ಪಾನೂ ಮಾಡಲಿಲ್ಲ.’ ಖೀ, ಕಪ್ಪಾ ಎರಡೂ ಗ್ರೀಕ್ ಅಕ್ಷರಗಳು. ಚಕ್ರವರ್ತಿಗೆ ಅರ್ಥವಾಗಲಿಲ್ಲ. ಊರಿನವರನ್ನೇ ಕೇಳಿ ತಿಳಿದುಕೊಂಡನಂತೆ. ಕಪ್ಪಾ ಅಂದರೆ ಅವನಿಗಿಂತ ಮೊದಲು ಆಳಿದ ಕಾನ್‌ಸ್ಟಾಂಟಿಯಸ್. ಖೀ ಅಂದರೆ ಕ್ರಿಸ್ತ.